ಸೋಪಿಗೆ ಬೇಕಾದ ಕೊಬ್ಬು ಗುಂಡುತೋಪಿನಲ್ಲೇ ಇದೆ



ಬಚ್ಚಲಲ್ಲಿರುವ ಸೋಪಿನ ಹೊದಿಕೆಯನ್ನು ಎಸೆಯುವ ಮೊದಲು ಅದರ ಮೇಲಿನ ಸಣ್ಣ ಅಕ್ಷರಗಳನ್ನು ಒಮ್ಮೆ ಓದಿ, ಇಲ್ಲವೇ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ. 'ಸೋಡಿಯಂ ಟ್ಯಾಲೋವೇಟ್' ಎಂದಿದ್ದರೆ ಅದು ದನ, ಕುರಿಗಳ ಕೊಬ್ಬಿನಿಂದಾದ ಸೋಪು. 'ಸೋಡಿಯಂ ಪಾಮೇಟ್' ಎಂದರೆ ತಾಳೆ ಎಣ್ಣೆ, 'ಸೋಡಿಯಂ ಕೊಕೊಯೇಟ್' ಎಂದರೆ ಕೊಬ್ಬರಿ ಎಣ್ಣೆ. ಇದು ಪೇಟೆಯವರ ವಿಚಾರ, ನಮಗೇಕೆ ಎನ್ನಬೇಡಿ. ನಿಮ್ಮ ಊರಿನ ಗುಂಡುತೋಪಿಗೂ ಇದಕ್ಕೂ ನೇರ ಸಂಬಂಧವಿದೆ.

ಸೋಪಿನ ಮೈ ಯಾವುದರದು?

ಮೈಸೂರು ಸಂಸ್ಥಾನವು 1916ರಲ್ಲಿ ಶ್ರೀಗಂಧದ ಎಣ್ಣೆ ತೆಗೆಯಲು ಆರಂಭಿಸಿತು. ಅದರಿಂದ ಹುಟ್ಟಿದ ಮೈಸೂರು ಸ್ಯಾಂಡಲ್ ಸೋಪನ್ನು ಬಳಸದ ಮನೆ ನಮ್ಮಲ್ಲಿ ಕಡಿಮೆ. ಆದರೆ ಗಂಧವು ಕೊಡುವುದು ಪರಿಮಳವನ್ನು ಮಾತ್ರ. ಯಾವುದೇ ಸೋಪಿನ ಮೈ ಆಗುವುದು ಕೊಬ್ಬು ಅಥವಾ ಎಣ್ಣೆಯಿಂದಲೇ. ಅದಕ್ಕೆ ಕಾಸ್ಟಿಕ್ ಸೋಡ ಬೆರೆಸಿದಾಗ ಒಂದು ಕಡೆ ಸೋಪು, ಇನ್ನೊಂದು ಕಡೆ ಗ್ಲಿಸರಿನ್ ಸಿಗುತ್ತದೆ. ದನದ ಕೊಬ್ಬು ಅಗ್ಗ, ಅದರಿಂದ ಗಟ್ಟಿಯಾದ ಸೋಪು ಬರುತ್ತದೆ. ಆದ್ದರಿಂದ ಹಿಂದೆ ನಮ್ಮ ದೇಶವೂ ಅದನ್ನು ಹಡಗಿನಲ್ಲಿ ತರಿಸಿಕೊಳ್ಳುತ್ತಿತ್ತು. 1983ರಲ್ಲಿ ಈ ಕೊಬ್ಬು ವನಸ್ಪತಿಗೆ ಬೆರೆಯುತ್ತಿದೆ ಎಂದು ದೇಶದಾದ್ಯಂತ ಗಲಾಟೆ ಎದ್ದಿತು, ಸರ್ಕಾರ ಅದರ ಆಮದನ್ನು ನಿಲ್ಲಿಸಿತು.

ಆಗ ಖಾಲಿಯಾದ ಜಾಗ ನಮ್ಮ ಹಿಪ್ಪೆ, ಹೊಂಗೆಗಳಿಗೆ ಸಿಗಬೇಕಿತ್ತು. ಅದನ್ನು ಹೆಚ್ಚಾಗಿ ಹಿಡಿದದ್ದು ಇಂಡೋನೇಷ್ಯಾ, ಮಲೇಷ್ಯಾಗಳ ತಾಳೆ ಎಣ್ಣೆ. ನಮ್ಮ ಬೀಜಗಳು ಮರದಡಿಯಲ್ಲೇ ಕೊಳೆತವು.

ಬೇರೆ ಪ್ರಾಣಿಜನ್ಯ ವಸ್ತುಗಳು

ಚರ್ಮಕ್ಕೆ ಹಚ್ಚುವ ಕ್ರೀಮುಗಳಲ್ಲಿ ಕುರಿಯ ಉಣ್ಣೆಯಿಂದ ತೆಗೆದ ಜಿಡ್ಡು (ಲ್ಯಾನೊಲಿನ್), ಜೇನುಮೇಣ, ಶಾರ್ಕ್ ಮೀನಿನ ಪಿತ್ತಜನಕಾಂಗದ ಎಣ್ಣೆಯಿಂದ ಬರುವ ಸ್ಕ್ವಾಲೀನ್ ಇರುತ್ತವೆ. ಈಗ ಸ್ಕ್ವಾಲೀನನ್ನು ಆಲಿವ್ ಎಣ್ಣೆಯಿಂದಲೂ ಕಬ್ಬಿನ ಸಕ್ಕರೆಯಿಂದಲೂ ಪಡೆಯುತ್ತಾರೆ. ಜೇನುಮೇಣದ ಬದಲು ಅಕ್ಕಿ ತೌಡಿನ ಎಣ್ಣೆ ಶುದ್ಧ ಮಾಡುವಾಗ ದೊರೆಯುವ ಮೇಣವನ್ನು ಬಳಸಬಹುದು.

ನಮ್ಮ ಜಿಲ್ಲೆಯದೇ ಒಂದು ವಸ್ತುವೂ ಈ ಪಟ್ಟಿಯಲ್ಲಿದೆ. ದೇವನಹಳ್ಳಿ, ಹೊಸಕೋಟೆ ಕಡೆಯ ಹಿಪ್ಪುನೇರಳೆ ಬೆಳೆಗಾರರು ಗಮನಿಸಬೇಕು. ಗೂಡಿನ ರೇಷ್ಮೆಯಲ್ಲಿ ನೂರಕ್ಕೆ 20ರಿಂದ 30 ಭಾಗ ಸೆರಿಸಿನ್ ಎಂಬ ಅಂಟು ಇರುತ್ತದೆ. ದಾರದಿಂದ ಅಂಟು ಬಿಡಿಸುವಾಗ ಇದು ನೀರಿನಲ್ಲಿ ಹೋಗಿ ಚರಂಡಿ ಸೇರುತ್ತದೆ. ಚರ್ಮದ ತೇವ ಕಾಯುವ ಗುಣ ಇರುವುದರಿಂದ ಕ್ರೀಮು, ಶಾಂಪೂಗಳಿಗೆ ಇದಕ್ಕೆ ಬೇಡಿಕೆ ಇದೆ. ಆದರೆ ನೂಲು ತೆಗೆಯುವಾಗ ಹುಳು ಸಾಯುವುದರಿಂದ, ಪ್ರಾಣಿಜನ್ಯ ಬೇಡವೆನ್ನುವವರು ಇದನ್ನೂ ಬೇಡವೆನ್ನುತ್ತಾರೆ. ಕೊಳ್ಳುವವನ ಮನಸ್ಸನ್ನು ತಿಳಿದು ಮಾರುವುದೇ ವ್ಯಾಪಾರ.

ನಮ್ಮಲ್ಲಿರುವ ಮರಗಳು

ಹಿಪ್ಪೆ: ಹಳೆಯ ಗುಂಡುತೋಪುಗಳಲ್ಲಿ, ಸಾಲುಮರಗಳಲ್ಲಿ ಇನ್ನೂ ಉಳಿದಿದೆ. ಇದರ ಎಣ್ಣೆ ಚಳಿಗೆ ತುಪ್ಪದಂತೆ ಗಟ್ಟಿಯಾಗುತ್ತದೆ. ಕೊಬ್ಬಿನ ಬದಲಿಗೆ ಇದು ಒದಗುವುದು ಈ ಗುಣದಿಂದಲೇ. ಒಡೆದ ಹಿಮ್ಮಡಿಗೆ ಅಜ್ಜಿಯಂದಿರು ಹಚ್ಚುತ್ತಿದ್ದುದೂ ಇದನ್ನೇ. ಮುಂಗಾರಿನ ಹೊತ್ತಿಗೆ ಹಣ್ಣು ಉದುರುತ್ತದೆ. ಹತ್ತು ಕಿಲೋ ಒಣ ತಿರುಳಿನಿಂದ ಯಂತ್ರದ ಗಾಣದಲ್ಲಿ ಮೂರು ಕಿಲೋಗೂ ಮೇಲೆ ಎಣ್ಣೆ ಸಿಗುತ್ತದೆ.

ಹೊಂಗೆ: ಬದುವಿನ ಮೇಲೆ ನೀರಿಲ್ಲದೆ ಬದುಕುವ ಮರ. ಹತ್ತು ಕಿಲೋ ಬೀಜಕ್ಕೆ ಸುಮಾರು ಎರಡೂವರೆ ಕಿಲೋ ಎಣ್ಣೆ. ಎಣ್ಣೆಯ ಬಣ್ಣ ಕಂದು, ರುಚಿ ಕಹಿ, ಆದ್ದರಿಂದ ಬಟ್ಟೆ ಸೋಪಿಗೆ ಹೆಚ್ಚು ಸರಿ. ಹಿಂಡಿ ಉತ್ತಮ ಗೊಬ್ಬರ.

ಬೇವು: ಇದರ ಎಣ್ಣೆ ಔಷಧೀಯ ಸೋಪುಗಳಿಗೆ ಹೋಗುತ್ತದೆ. ಹಣ್ಣಿನ ಸಿಪ್ಪೆ, ತಿರುಳನ್ನು ನೀರಿನಲ್ಲಿ ತಿಕ್ಕಿ ತೆಗೆದು, ಬೀಜವನ್ನು ನೆರಳಿನಲ್ಲಿ ಒಣಗಿಸಬೇಕು.

ಯಾವ ಬೀಜವನ್ನೇ ಆಗಲಿ ಹಸಿಯಾಗಿ ಕೂಡಿಡಬೇಡಿ. ಬೂಷ್ಟು ಹಿಡಿದ ಬೀಜದ ಎಣ್ಣೆಯಲ್ಲಿ ಹುಳಿ ಹೆಚ್ಚಿ ಬೆಲೆ ಬೀಳುತ್ತದೆ. ಪ್ಲಾಸ್ಟಿಕ್ ಬೇಡ, ಗೋಣಿಚೀಲದಲ್ಲಿ ತುಂಬಿ ನೆಲಕ್ಕೆ ತಾಗದಂತೆ ಇಡಿ. ಹಿಪ್ಪೆ, ಹೊಂಗೆ ಹಿಂಡಿಯನ್ನು ದನಗಳಿಗೆ ತಿನ್ನಿಸಬೇಡಿ.

ಲೋಳೆಸರದ ಪಾಠ

ಈಗ ಒಂದು ಎಚ್ಚರಿಕೆ. ಇದರಲ್ಲಿ ನನ್ನ ತಪ್ಪೂ ಇದೆ. ಸುಮಾರು ಹದಿನೈದು ವರ್ಷದ ಹಿಂದೆ ದೊಡ್ಡಬಳ್ಳಾಪುರ ತಾಲ್ಲೂಕಿನ ಯುವಕನೊಬ್ಬ ನನ್ನ ಬಳಿ ಬಂದ. "ಸಾರ್, ಕಂಪನಿಯೋರು ಲೋಳೆಸರದ ಸಸಿ ಕೊಡ್ತಾರಂತೆ, ಎಲೆ ಅವರೇ ತಗೊಳ್ತಾರಂತೆ. ಒಂದು ಎಕರೆ ರಾಗಿ ಬಿಟ್ಟು ಹಾಕಲಾ?" ಎಂದು ಕೇಳಿದ. ನಾನು ಮಣ್ಣು ನೋಡಿದೆ, ನೀರು ನೋಡಿದೆ, "ಬೆಳೆ ಬರುತ್ತಪ್ಪ" ಎಂದೆ. ಬೆಳೆ ಬಂತು. ಎಲೆ ಬಲಿತಾಗ ಕಂಪನಿಯವರು ಫೋನ್ ಎತ್ತಲಿಲ್ಲ. ಲೋಳೆಸರದ ಎಲೆಯನ್ನು ಕೊಯ್ದ ಮೇಲೆ ಬೇಗನೆ ಸಂಸ್ಕರಿಸಬೇಕು, ಸಂತೆಗೆ ಒಯ್ದು ಕಾಯುವ ಮಾಲಲ್ಲ ಅದು. ಸಸಿಗೆ ಕೊಟ್ಟ ಹಣಕ್ಕಾಗಿ ಆ ಮನೆಯವರು ಒಂದು ಹಸುವನ್ನು ಮಾರಿದ್ದರು. ಅವನ ತಾಯಿ ನನ್ನನ್ನು ಬೈಯಲಿಲ್ಲ, ಕಾಫಿ ಕೊಟ್ಟರು. ಆ ಕಾಫಿ ಗಂಟಲಲ್ಲಿ ಇಳಿಯಲಿಲ್ಲ. "ಕೊಳ್ಳುವವರು ಯಾರು, ಎಲ್ಲಿದ್ದಾರೆ, ಲಿಖಿತ ಕರಾರು ಇದೆಯೇ?" ಎಂದು ನಾನು ಕೇಳಲೇ ಇಲ್ಲವಲ್ಲ!

ಸೋಪು, ಕ್ರೀಮಿನ ಹೆಸರು ಹೇಳಿಕೊಂಡು ಸಸಿ ಮಾರುವವರು ಇಂದಿಗೂ ಬರುತ್ತಾರೆ. ಸಸಿಗೆ ಮುಂಗಡ ಕೇಳುವವರನ್ನು ನಂಬುವ ಮೊದಲು ಅವರ ಕಾರ್ಖಾನೆಯನ್ನು ಕಣ್ಣಾರೆ ನೋಡಿ ಬನ್ನಿ.

ಹಿಪ್ಪೆ, ಹೊಂಗೆಯಲ್ಲಿ ಆ ಅಪಾಯ ಕಡಿಮೆ. ಮರ ಈಗಾಗಲೇ ಇದೆ, ಸಸಿಯ ಖರ್ಚಿಲ್ಲ, ಒಣಗಿಸಿದ ಬೀಜ ಕಾಯುತ್ತದೆ. ಇದರಿಂದ ಯಾರೂ ಮಾಳಿಗೆ ಮನೆ ಕಟ್ಟಲಾರರು ನಿಜ. ಆದರೆ ಸ್ತ್ರೀಶಕ್ತಿ ಸಂಘದ ಹತ್ತು ಮಂದಿ ಸೇರಿ ಆಯ್ದರೆ ಒಂದು ಗಾಡಿ ಬೀಜವಾಗುತ್ತದೆ, ಗಾಣದವನೊಡನೆ ಬೆಲೆ ಮಾತನಾಡುವ ಶಕ್ತಿ ಬರುತ್ತದೆ. ತೋಪಿನ ಮರಗಳ ಬೀಜ ಆಯುವ ಮೊದಲು ಪಂಚಾಯಿತಿಯಲ್ಲಿ ವಿಚಾರಿಸಿ. ಹೆಚ್ಚಿನ ಮಾಹಿತಿಗೆ ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ, ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನಾಗಲಿ ಕಾಣಿರಿ.

ರಸ್ತೆ ಅಗಲವಾಗುತ್ತಿದೆ, ಬಡಾವಣೆಗಳು ಬರುತ್ತಿವೆ. ನಮ್ಮ ಹಿರಿಯರು ನೆಟ್ಟ ಹಿಪ್ಪೆ ಮರ ಉರುಳಿದರೆ ಅಂಥದೇ ಇನ್ನೊಂದು ನಮ್ಮ ಕಾಲದಲ್ಲಿ ಏಳುವುದಿಲ್ಲ. ಕೊಡಲಿ ಹಾಕುವ ಮುನ್ನ ಒಂದು ವರ್ಷ ಅದರ ಬೀಜ ಆಯ್ದು, ತೂಗಿ, ಲೆಕ್ಕ ಹಾಕಿ ನೋಡಿ. ಆಮೇಲೆ ತೀರ್ಮಾನಿಸಿ.