ನಿಮಗಿದು ಗೊತ್ತೇ? ಮಣಿಕಟ್ಟು ಮುರಿದರೆ ಪ್ಲಾಸ್ಟರ್ ಒಂದೇ ಸಾಲದು

ಮಂಡಿ ನೋವು ಆಸ್ಟಿಯೊಪೊರೊಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ, ಅಲ್ಲ. ಅದು ಬಹುಪಾಲು ಕೀಲು ಸವೆತ. ಮೂಳೆ ಟೊಳ್ಳಾಗುವಾಗ ನೋವೇ ಇರುವುದಿಲ್ಲ, ಮುರಿದಾಗಲೇ ಗೊತ್ತಾಗುವುದು.

ಐವತ್ತು ದಾಟಿದ ಹೆಂಗಸು ಬಚ್ಚಲಲ್ಲಿ ಜಾರಿ ಕೈಯೂರಿದರು, ಮಣಿಕಟ್ಟು ಮುರಿಯಿತು ಎನ್ನಿ. ನಿಂತಲ್ಲೇ ಬಿದ್ದಷ್ಟಕ್ಕೆ ಮುರಿಯಿತೆಂದರೆ ಮೂಳೆಯ ಮೇಲೇ ಅನುಮಾನ ಪಡಬೇಕು. ಪ್ಲಾಸ್ಟರ್ ಹಾಕಿ, ಕೆಲವು ವಾರಕ್ಕೆ ಬಿಚ್ಚಿ ಮನೆಗೆ ಕಳಿಸಿದರೆ ಅದು ಅರ್ಧ ಚಿಕಿತ್ಸೆ. ಮೂಳೆ ಸಾಂದ್ರತೆ ಪರೀಕ್ಷೆ ಆಗಲೇ ಆಗಬೇಕು, ಮುಂದಿನ ಸಲ ಸೊಂಟ ಮುರಿಯುವ ಮೊದಲು.

ಬೆನ್ನುಮೂಳೆ ಕುಸಿದರೂ ಮೂರರಲ್ಲಿ ಎರಡರಷ್ಟು ಪ್ರಕರಣ ಯಾರ ಗಮನಕ್ಕೂ ಬರುವುದಿಲ್ಲ. ಹರೆಯದ ಎತ್ತರಕ್ಕಿಂತ 4 ಸೆಂ.ಮೀ. ಕುಗ್ಗಿದ್ದರೆ ಬೆನ್ನಿನ ಎಕ್ಸ್‌ರೇ ತೆಗೆಸಿ. ಕ್ಲಿನಿಕ್ಕುಗಳಲ್ಲಿ ತೂಕ ನೋಡುತ್ತಾರೆ, ಎತ್ತರ ಅಳೆಯುವವರು ಕಮ್ಮಿ. ಗೋಡೆಗೊಂದು ಟೇಪು ಅಂಟಿಸಲು ಎಷ್ಟು ಖರ್ಚು?

ರಕ್ತದಲ್ಲಿ ಕ್ಯಾಲ್ಸಿಯಂ ಸರಿಯಾಗಿದೆ ಎಂದು ಸಮಾಧಾನ ಪಡಬೇಡಿ. ಅಲ್ಲಿ ಕೊರತೆಯಾದರೆ ದೇಹ ಮೂಳೆಯಿಂದಲೇ ಕಿತ್ತು ತುಂಬಿಸುತ್ತದೆ.

ಉಚಿತ ಶಿಬಿರದಲ್ಲಿ ಹಿಮ್ಮಡಿ ಇಟ್ಟು ನೋಡುವ ಅಲ್ಟ್ರಾಸೌಂಡ್ ಯಂತ್ರದ ಚೀಟಿ ನಂಬಿ ಮಾತ್ರೆ ಶುರು ಮಾಡುವಂತಿಲ್ಲ. ಮೂಳೆ ಸಾಂದ್ರತೆ ಅಳೆಯಲು ಸೊಂಟ ಮತ್ತು ಬೆನ್ನಿನ ಡೆಕ್ಸಾ ಸ್ಕ್ಯಾನ್ ಬೇಕು. ಅದರ ಟಿ-ಸ್ಕೋರ್ ಮೈನಸ್ 2.5 ಅಥವಾ ಇನ್ನೂ ಕೆಳಗಿದ್ದರೆ ಆಸ್ಟಿಯೊಪೊರೊಸಿಸ್. ವಿಶ್ವ ಆರೋಗ್ಯ ಸಂಸ್ಥೆ ಈ ಗೆರೆ ಎಳೆದದ್ದು 1994ರಲ್ಲಿ.

ಗಂಡಸರೂ ಇದರಿಂದ ಪಾರಲ್ಲ. ಅಸ್ತಮಾಕ್ಕೋ ಸಂಧಿವಾತಕ್ಕೋ ಸ್ಟೆರಾಯ್ಡ್ ಮಾತ್ರೆಯನ್ನು ಮೂರು ತಿಂಗಳಿಗಿಂತ ಹೆಚ್ಚು ನುಂಗುವವರು, ಯಾವ ವಯಸ್ಸಿನವರೇ ಇರಲಿ, ಮೂಳೆಯ ಬಗ್ಗೆ ವೈದ್ಯರನ್ನು ಕೇಳಲೇಬೇಕು.

ಆಸ್ಟಿಯೊಪೊರೊಸಿಸ್‌ಗೆ ಕೊಡುವ, ವಾರಕ್ಕೊಮ್ಮೆಯ ಅಲೆಂಡ್ರೋನೇಟ್ ಮಾತ್ರೆ ಬಲು ಮಡಿವಂತ. ಸರಿಯಾಗಿ ನುಂಗಿದರೂ ರಕ್ತಕ್ಕೆ ಸೇರುವುದು ನೂರರಲ್ಲಿ ಒಂದು ಪಾಲಿಗೂ ಕಮ್ಮಿ. ಕಾಫಿ ಜೊತೆ ನುಂಗಿದರೆ ಅದರಲ್ಲೂ ಸುಮಾರು 60% ಖೋತಾ. ಹಾಗಾಗಿ ಎದ್ದ ಕೂಡಲೇ ಖಾಲಿ ಹೊಟ್ಟೆಗೆ, ದೊಡ್ಡ ಲೋಟ ಬರೀ ನೀರಿನಲ್ಲಿ. ಮತ್ತೆ ಅರ್ಧ ಗಂಟೆ ಏನೂ ತಿನ್ನಬಾರದು, ಮಲಗಲೂಬಾರದು. ಮಲಗಿದರೆ ಅನ್ನನಾಳದಲ್ಲಿ ಹುಣ್ಣಾದೀತು. ಫಿಲ್ಟರ್ ಕಾಫಿ ಕಾಯಲಿ.

ಡೆನೊಸುಮ್ಯಾಬ್ ಇದೇ ಕಾಯಿಲೆಗೆ ಆರು ತಿಂಗಳಿಗೊಂದು ಇಂಜೆಕ್ಷನ್. ಬೇರೆ ಔಷಧಿಯ ಆಸರೆಯಿಲ್ಲದೆ ನಿಲ್ಲಿಸಿದರೆ ಗಳಿಸಿದ ಸಾಂದ್ರತೆ ಬೇಗ ಕರಗಿ, ಬೆನ್ನುಮೂಳೆಗಳು ಒಂದರ ಹಿಂದೊಂದು ಕುಸಿಯಬಹುದು.

ವಿಟಮಿನ್ ಡಿ ಹೆಚ್ಚಾದಷ್ಟೂ ಒಳ್ಳೆಯದೇ? ಆಸ್ಟ್ರೇಲಿಯಾದಲ್ಲಿ 70 ದಾಟಿದ ಮಹಿಳೆಯರಿಗೆ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಕೊಟ್ಟು ನೋಡಿದರು. 2010ರಲ್ಲಿ ಬಂದ ಫಲಿತಾಂಶ: ಬೀಳುವುದೂ ಹೆಚ್ಚಾಯಿತು, ಮೂಳೆ ಮುರಿತವೂ ಹೆಚ್ಚಾಯಿತು.

100 ಗ್ರಾಂ ರಾಗಿಯಲ್ಲಿ 340 ಮಿ.ಗ್ರಾಂ.ಗೂ ಹೆಚ್ಚು ಕ್ಯಾಲ್ಸಿಯಂ ಇದೆ. ದಿನಕ್ಕೆ ಬೇಕಾದದ್ದು 1,000 ಮಿ.ಗ್ರಾಂ. ಮುದ್ದೆಯೊಂದರಿಂದಲೇ ಲೆಕ್ಕ ಚುಕ್ತಾ ಆಗದು, ಮೊಸರು, ಸೊಪ್ಪೂ ಸೇರಬೇಕು.

ಹಲ್ಲು ಕೀಳಿಸುವುದಿದ್ದರೆ ಅಲೆಂಡ್ರೋನೇಟ್ ಮಾತ್ರೆ, ಡೆನೊಸುಮ್ಯಾಬ್ ಇಂಜೆಕ್ಷನ್ ಶುರುವಾಗುವ ಮೊದಲೇ ಮುಗಿಸಿಕೊಳ್ಳಿ. ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ದಂತವೈದ್ಯರಿಗೆ ತಿಳಿಸಿ. ಅಪರೂಪಕ್ಕೆ ಕೆಲವರಲ್ಲಿ ದವಡೆಯ ಗಾಯ ಮಾಯುವುದಿಲ್ಲ.