ಗದ್ದಲವೆಂದು ಪಕ್ಕಕ್ಕಿಟ್ಟಿದ್ದ ಹೆಂಡ್ರಿಕ್ಸ್

ಜಿಮಿ ಹೆಂಡ್ರಿಕ್ಸ್‌ನ ಮೊದಲ ಆಲ್ಬಮ್ ‘ಆರ್ ಯು ಎಕ್ಸ್‌ಪೀರಿಯೆನ್ಸ್ಡ್’ (1967) ಕ್ಯಾಸೆಟ್ಟನ್ನು ಕಾಲೇಜಿನ ದಿನಗಳಲ್ಲಿ ಗೆಳೆಯನೊಬ್ಬ ಕೊಟ್ಟಿದ್ದ. ವೀಣೆ, ಪಿಟೀಲು ಕೇಳಿ ಬೆಳೆದ ಕಿವಿ ನನ್ನದು. ಎರಡನೇ ಹಾಡಿಗೇ ಟೇಪ್ ನಿಲ್ಲಿಸಿ, ಮರುದಿನ ವಾಪಸು ಕೊಟ್ಟೆ. ಆಮೇಲೆ ಇಪ್ಪತ್ತು ವರ್ಷ ಯಾರು ಕೇಳಿದರೂ ಒಂದೇ ಮಾತು: ಅದು ಅಮಲಿನ ಗದ್ದಲ. ಈ ಮಳೆಗಾಲದಲ್ಲಿ ಪಟ್ಟು ಹಿಡಿದು ಕೂತು, ಒಂದೊಂದು ಹಾಡನ್ನೂ ಹತ್ತಾರು ಸಲ ಕೇಳಿದೆ. ನಾನು ನಂಬಿದ್ದು, ನನ್ನಂಥವರು ಈಗಲೂ ನಂಬಿರುವುದು ಎಷ್ಟು ನಿಜ ಎಂದು ನೋಡಬೇಕೆನಿಸಿತು.

ತಪ್ಪು ಕಲ್ಪನೆ: ಇದು ಬರೀ ಗದ್ದಲ, ಸ್ವರದ ಹಂಗೇ ಇಲ್ಲ.

ವಾಸ್ತವ: ‘ಪರ್ಪಲ್ ಹೇಜ್’ ಹಾಡಿನ ಆರಂಭ ಕೇಳಿ. ಕೆಳಗೆ ಬೇಸ್ ಗಿಟಾರ್ ಷಡ್ಜ ಬಡಿಯುತ್ತಿದ್ದರೆ ಮೇಲೆ ಹೆಂಡ್ರಿಕ್ಸ್ ಪ್ರತಿಮಧ್ಯಮ ಮೀಟುತ್ತಾನೆ. ಕಿವಿಗೆ ಚುಚ್ಚುವುದು ಸಹಜ, ಚುಚ್ಚಲೆಂದೇ ಆ ಸ್ವರ ಅಲ್ಲಿದೆ. ಅದರ ಬೆನ್ನಿಗೇ ಬರುವ ಸ್ವರಮೇಳವನ್ನು ಗಿಟಾರ್ ನುಡಿಸುವವರು ಇಂದಿಗೂ ‘ಹೆಂಡ್ರಿಕ್ಸ್ ಕಾರ್ಡ್’ ಎಂದೇ ಕರೆಯುತ್ತಾರೆ. ಅದನ್ನು ನಮ್ಮ ಲೆಕ್ಕದಲ್ಲಿ ಬಿಡಿಸಿ ನೋಡಿದ ದಿನ ನನಗೆ ರೋಮಾಂಚನವಾಯಿತು: ಅಂತರ ಗಾಂಧಾರ, ಸಾಧಾರಣ ಗಾಂಧಾರ ಎರಡೂ ಅದರಲ್ಲಿ ಒಟ್ಟಿಗೆ ನುಡಿಯುತ್ತವೆ. ಬ್ಲೂಸ್ ಗಾಯಕರ ದನಿ ಯಾವಾಗಲೂ ಈ ಎರಡು ಗಾಂಧಾರಗಳ ನಡುವೆಯೇ ಜೋಲಿ ಹೊಡೆಯುತ್ತದೆ. ಹೆಂಡ್ರಿಕ್ಸ್ ಆ ಎರಡನ್ನೂ ಒಂದೇ ಮೀಟಿನಲ್ಲಿ ಹಿಡಿದಿಟ್ಟ.

ಇನ್ನು ಆ ಕಿರುಚಾಟ. ‘ಫಾಕ್ಸಿ ಲೇಡಿ’ ಶುರುವಾಗುವುದೇ ಒಂದು ತಂತಿಯ ನಡುಕದಿಂದ. ಸ್ಪೀಕರಿನಿಂದ ಹೊರಟ ನಾದ ಮರಳಿ ಆ ತಂತಿಯನ್ನೇ ಅಲುಗಿಸಿದಾಗ, ಸಾಯಬೇಕಾದ ಸ್ವರ ಸಾಯದೆ ಬೆಳೆಯುತ್ತದೆ, ಕಮಾನು ಎಳೆದ ಪಿಟೀಲಿನಂತೆ ನಿಲ್ಲುತ್ತದೆ. ಇದಕ್ಕೆ ಫೀಡ್‌ಬ್ಯಾಕ್ ಎನ್ನುತ್ತಾರೆ. ಸಭೆಯಲ್ಲಿ ಮೈಕ್ ಕೂಗಿದರೆ ನಾವು ಕಿವಿ ಮುಚ್ಚಿಕೊಳ್ಳುತ್ತೇವೆ. ಅದೇ ಕೂಗನ್ನು ಅವನು ಸ್ವರವಾಗಿ ಪಳಗಿಸಿದ.

ತಪ್ಪು ಕಲ್ಪನೆ: ಅಮಲಿನಲ್ಲಿ ತೋಚಿದ್ದನ್ನು ನುಡಿಸಿದ ಆಲ್ಬಮ್ ಇದು.

ವಾಸ್ತವ: ಹೆಂಡ್ರಿಕ್ಸ್ ಮಾದಕ ವಸ್ತು ಮುಟ್ಟಲಿಲ್ಲ ಎಂದು ನಾನು ವಾದಿಸುವುದಿಲ್ಲ. ಆದರೆ ‘ಪರ್ಪಲ್ ಹೇಜ್’ ಕಡಲಡಿಯಲ್ಲಿ ನಡೆದಂತೆ ಬಿದ್ದ ಕನಸಿನಿಂದ ಬಂತೆಂದು ಅವನೇ ಹೇಳಿದ್ದ. ಕೆಲಸ ನಡೆದ ರೀತಿಯಂತೂ ಅಮಲಿನದಲ್ಲ. ಲಂಡನ್ನಿನ ಸ್ಟುಡಿಯೋಗಳಲ್ಲಿ ಆಗ ಇದ್ದದ್ದು ನಾಲ್ಕೇ ಟ್ರ್ಯಾಕಿನ ಟೇಪ್. ನಿರ್ಮಾಪಕ ಚಾಸ್ ಚಾಂಡ್ಲರ್ ಹಣಕ್ಕೂ ಸಮಯಕ್ಕೂ ಬಿಗಿ ಮಾಡುತ್ತಿದ್ದ. ‘ದಿ ವಿಂಡ್ ಕ್ರೈಸ್ ಮೇರಿ’ ಮುಗಿದದ್ದು ಒಂದು ಸೆಷನ್ನಿನ ಕೊನೆಯಲ್ಲಿ ಉಳಿದ ಸುಮಾರು 20 ನಿಮಿಷಗಳಲ್ಲಿ. ‘ಪರ್ಪಲ್ ಹೇಜ್’ ಕೊನೆಯಲ್ಲಿ ಗಿಟಾರಿನ ನೆತ್ತಿಯ ಮೇಲೆ ತಾರಸ್ಥಾಯಿಯ ನೆರಳೊಂದು ಕೇಳಿಸುತ್ತದಲ್ಲ, ಅದು ರೋಜರ್ ಮೇಯರ್ ಕಟ್ಟಿದ ‘ಆಕ್ಟೇವಿಯಾ’ ಎಂಬ ಪೆಟ್ಟಿಗೆಯ ಕೆಲಸ. ಶೀರ್ಷಿಕೆಯ ಹಾಡಿನಲ್ಲಿ ಗಿಟಾರ್, ಡ್ರಮ್ ಎರಡೂ ಹಿಮ್ಮುಖವಾಗಿ ಓಡುತ್ತವೆ: ಪ್ರತಿ ಪೆಟ್ಟೂ ಉಸಿರಿನಂತೆ ಉಬ್ಬಿ, ತಟ್ಟನೆ ಕತ್ತರಿಸಿ ಹೋಗುತ್ತದೆ. ತಿರುಗಿಸಿದ ಟೇಪಿನ ಮೇಲೆ ಅರ್ಥವುಳ್ಳ ಒಂದು ಸೋಲೋ ಕೂರಿಸಲು ಎಚ್ಚರದ ತಲೆ ಬೇಕು.

ತಪ್ಪು ಕಲ್ಪನೆ: ಬ್ಲೂಸ್ ಇಲ್ಲಿ ಹೆಸರಿಗೆ ಮಾತ್ರ.

ವಾಸ್ತವ: ಈ ತಪ್ಪಿನಲ್ಲಿ ಕೇಳುಗರದಷ್ಟೇ ಪಾಲು ಕಂಪನಿಗಳದ್ದೂ ಇದೆ. ಮೇ ತಿಂಗಳಲ್ಲಿ ಬ್ರಿಟನ್ನಿನಲ್ಲಿ ಹೊರಬಂದ ಆಲ್ಬಮ್ಮಿನಲ್ಲಿ ‘ರೆಡ್ ಹೌಸ್’ ಇತ್ತು. ಆಗಸ್ಟಿನ ಅಮೆರಿಕನ್ ಆವೃತ್ತಿ ಅದನ್ನೂ ಇನ್ನೆರಡು ಹಾಡುಗಳನ್ನೂ ಕೈಬಿಟ್ಟು, ಅದಾಗಲೇ ಜನಪ್ರಿಯವಾಗಿದ್ದ ಮೂರು ಸಿಂಗಲ್‌ಗಳನ್ನು ಸೇರಿಸಿಕೊಂಡಿತು. ನನ್ನ ಕೈಗೆ ಬಂದಿದ್ದ ಕ್ಯಾಸೆಟ್ ಎರಡನೆಯದು. ‘ರೆಡ್ ಹೌಸ್’ ಅಪ್ಪಟ ಹನ್ನೆರಡು ಬಾರ್‌ಗಳ ಬ್ಲೂಸ್. ಆತುರವಿಲ್ಲ, ಒಂದು ಸಾಲು ಹಾಡಿದರೆ ಗಿಟಾರ್ ಅದಕ್ಕೆ ಉತ್ತರ ಕೊಡುತ್ತದೆ. ಸಿಯಾಟಲ್‌ನಲ್ಲಿ 1942ರಲ್ಲಿ ಹುಟ್ಟಿದ ಹೆಂಡ್ರಿಕ್ಸ್ 1966ರಲ್ಲಿ ಲಂಡನ್ನಿಗೆ ಬರುವ ಮೊದಲು ಐಸ್ಲಿ ಬ್ರದರ್ಸ್, ಲಿಟಲ್ ರಿಚರ್ಡ್ ಬೆನ್ನ ಹಿಂದೆ ನಿಂತು ನುಡಿಸಿ ಹೊಟ್ಟೆ ಹೊರೆದವನು. ಆ ದುಡಿಮೆ ಅವನ ಬೆರಳಲ್ಲಿತ್ತು.

ತಪ್ಪು ಕಲ್ಪನೆ: ತಂಡದ ಉಳಿದಿಬ್ಬರು ಲೆಕ್ಕಕ್ಕಿಲ್ಲ.

ವಾಸ್ತವ: ಅಂದು ನಾನು ನಿಲ್ಲಿಸಿದ್ದ ಎರಡನೇ ಹಾಡು ‘ಮ್ಯಾನಿಕ್ ಡಿಪ್ರೆಷನ್’. ರಾಕ್ ಹಾಡೆಂದರೆ ನಾಲ್ಕರ ಎಣಿಕೆ ಎಂದು ಕೂತಿದ್ದ ಕಿವಿಗೆ ಅದರ ಮೂರರ ನಡೆ ದಕ್ಕಿರಲಿಲ್ಲ. ಆ ನಡೆಯನ್ನು ಜಾಜ್ ಬಲ್ಲ ಡ್ರಮ್ ವಾದಕ ಮಿಚ್ ಮಿಚೆಲ್ ಒಂದು ಕ್ಷಣವೂ ಸುಮ್ಮನಿರದೆ ಉರುಳಿಸುತ್ತಾನೆ. ಗಿಟಾರ್ ವಾದಕನಾಗಲು ಬಂದು ಬೇಸ್ ಹಿಡಿದ ನೋಯೆಲ್ ರೆಡಿಂಗ್ ನೆಲ ಬಿಡುವುದಿಲ್ಲ. ಡ್ರಮ್ ಒಂದನ್ನೇ ಹಿಂಬಾಲಿಸಿ ಈ ಹಾಡನ್ನು ಒಮ್ಮೆ ಕೇಳಬೇಕು.

ತಪ್ಪು ಕಲ್ಪನೆ: ಇದರಲ್ಲಿ ಕುಂದೇ ಇಲ್ಲ.

ವಾಸ್ತವ: ಇದು ಭಕ್ತರ ನಂಬಿಕೆ, ನಾನು ಒಪ್ಪಲಾರೆ. ‘ರಿಮೆಂಬರ್’ ಸಾಧಾರಣ ಹಾಡು. ‘ಥರ್ಡ್ ಸ್ಟೋನ್ ಫ್ರಮ್ ದಿ ಸನ್’ನಲ್ಲಿ ಗಿಟಾರಿನ ರಾಗ ಬಲು ಚೆಂದ, ಆದರೆ ನಡುನಡುವೆ ಎಳೆದೆಳೆದು ಆಡುವ ಅನ್ಯಗ್ರಹದ ಮಾತು ಬೇಸರ ಹಿಡಿಸುತ್ತದೆ. ‘ಫಾಕ್ಸಿ ಲೇಡಿ’ ಹೆಣ್ಣನ್ನು ಬೇಟೆಯಂತೆ ನೋಡುವ ಬಗೆ ಇಂದಿಗೂ ನನಗೆ ಇರುಸುಮುರುಸು. ಆದರೆ ‘ಮೇ ದಿಸ್ ಬಿ ಲವ್’ನಲ್ಲಿ ಅದೇ ಗಿಟಾರ್ ಜಲಪಾತದಂತೆ ಜಾರಿ ಇಳಿಯುವಾಗ, ಎಷ್ಟು ಮೆಲ್ಲಗೆ ನುಡಿಸುತ್ತಾನೆ ಎಂದು ಪ್ರತಿ ಸಲವೂ ಅಚ್ಚರಿಪಡುತ್ತೇನೆ. ಆ ಹಾಡು ಕ್ಯಾಸೆಟ್ಟಿನಲ್ಲಿ ಇನ್ನೆರಡು ಹಾಡು ದಾಟಿದರೆ ಸಿಗುತ್ತಿತ್ತು.