ಬರಬೇಕಿದ್ದ ಎರಡನೇ ನಾಯಿ

ನಮ್ಮ ಕ್ಯಾಂಪಸ್ಸಿನಲ್ಲಿ ಖಾನಾಪುರ, ನಂದಗಡ, ಲೋಂಡಾ ಕಡೆಯಿಂದ ಬಂದವರು ಬಹಳ ಮಂದಿ ಇದ್ದಾರೆ. ಬೆಳಗಾವಿಯಿಂದ ಖಾನಾಪುರ ಸುಮಾರು 26 ಕಿಲೋಮೀಟರ್, ಅಷ್ಟೇ. ಆದರೂ ಇಂಟರ್ನಲ್ಸು, ಲ್ಯಾಬ್ ರೆಕಾರ್ಡು ಅಂತ ಹಾಸ್ಟೆಲ್ ಹಿಡಿದ ಮೇಲೆ ಮನೆಗೆ ಹೋಗೋದು ವಾರಕ್ಕೊಮ್ಮೆ, ಕೆಲವೊಮ್ಮೆ ತಿಂಗಳಿಗೊಮ್ಮೆ. ಮನೆಯಲ್ಲಿ ನಾಯಿ ಇದ್ದವರಿಗೆ ಆಗ ಈ ಯೋಚನೆ ಬಂದೇ ಬರುತ್ತದೆ: "ನಾವಂತೂ ಇಲ್ಲ, ಅದಕ್ಕ ಬ್ಯಾಸರಾಗ್ತದ, ಜೋಡಿಗೆ ಇನ್ನೊಂದು ತರೋಣು." ಮರಿ ನೋಡಿ ಆಗುತ್ತದೆ, ಫೋಟೋ ಮನೆಮಂದಿಯ ವಾಟ್ಸಾಪ್ ಗ್ರೂಪಿಗೆ ಹೋಗುತ್ತದೆ, ಹೆಸರೂ ಇಟ್ಟಾಗುತ್ತದೆ. ಆಮೇಲೆ ಎಲ್ಲ ನಿಂತುಹೋಗುತ್ತದೆ. ಅಪ್ಪ ಬೇಡ ಅಂದರು, ಮರಿಗೆ ಪಾರ್ವೊ ಬಂತು, ಕೊಡ್ತೀನಿ ಅಂದವರು ಬೇರೆ ಯಾರಿಗೋ ಕೊಟ್ಟುಬಿಟ್ಟರು.

ರೂಮ್‌ಮೇಟಿಗೆ ಹೇಳಿದರೆ ಅವನು ಕೇಳೋದು ಒಂದೇ ಪ್ರಶ್ನೆ: "ಬಂದ ಇಲ್ಲದ ನಾಯಿಗೆ ಇಷ್ಟ್ಯಾಕಲೇ ತಲಿ ಕೆಡಿಸ್ಕೋತಿ?" ಈ ಪ್ರಶ್ನೆಗೆ ಸರಿಯಾದ ಉತ್ತರ ಇದೆ.

ಸೊನ್ನೆ ಅಲ್ಲ, ಮೈನಸ್

ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಎರರ್ ಸಿಗ್ನಲ್ ಗೊತ್ತು. ಆಗಬೇಕಾದದ್ದಕ್ಕೂ ಆಗಿದ್ದಕ್ಕೂ ಇರುವ ವ್ಯತ್ಯಾಸವೇ ಅದು. ನಮ್ಮ ಮೆದುಳೂ ಇಂಥದ್ದೇ ಲೆಕ್ಕ ಇಡುತ್ತದೆ. ವೋಲ್ಫ್ರಾಮ್ ಶುಲ್ಟ್ಸ್ ಎಂಬ ನರವಿಜ್ಞಾನಿ ಕೋತಿಗಳಿಗೆ ಮೊದಲು ಒಂದು ಸೂಚನೆ ಕೊಟ್ಟು, ಸ್ವಲ್ಪ ಹೊತ್ತಿನ ಮೇಲೆ ಹಣ್ಣಿನ ರಸ ಕೊಟ್ಟು ಪರೀಕ್ಷೆ ಮಾಡಿದರು. ಶುರುವಿನಲ್ಲಿ ರಸ ಸಿಕ್ಕಾಗ ಡೋಪಮಿನ್ ನರಕೋಶಗಳು ಚುರುಕಾಗುತ್ತಿದ್ದವು. ಅಭ್ಯಾಸವಾದ ಮೇಲೆ ಸೂಚನೆ ಕಂಡಾಗಲೇ ಚುರುಕಾದವು. ಸೂಚನೆ ಕೊಟ್ಟು ರಸ ತಪ್ಪಿಸಿದಾಗ, ರಸ ಬರಬೇಕಿದ್ದ ಅದೇ ಕ್ಷಣಕ್ಕೆ ಅವುಗಳ ಚಟುವಟಿಕೆ ಮಾಮೂಲಿ ಮಟ್ಟಕ್ಕಿಂತ ಕೆಳಗೆ ಕುಸಿಯಿತು. ಈ ಕೆಲಸಕ್ಕೆ 2017ರಲ್ಲಿ ಅವರಿಗೂ ಇನ್ನಿಬ್ಬರಿಗೂ ಬ್ರೇನ್ ಪ್ರೈಜ್ ಬಂತು.

ಹಣ್ಣಿನ ರಸವೇ ಬೇರೆ, ನಾಯಿಮರಿಯೇ ಬೇರೆ, ಒಪ್ಪೋಣ. ಆದರೆ ನಿರೀಕ್ಷೆಯ ಲೆಕ್ಕ ಅದೇ. ಒಂದೊಂದು ಫೋಟೋ ನೋಡಿದಾಗಲೂ ಸೆಟ್ ಪಾಯಿಂಟ್ ಸ್ವಲ್ಪ ಮೇಲೇರಿರುತ್ತದೆ. ಮರಿ ಬಾರದಿದ್ದರೆ ನಾವು ಮೊದಲಿದ್ದ ಜಾಗಕ್ಕೆ ವಾಪಸ್ ಬರೋದಿಲ್ಲ, ಅದಕ್ಕಿಂತ ಕೆಳಗಿಳಿಯುತ್ತೇವೆ.

ಇದಕ್ಕೆ ಇನ್ನೊಂದು ಮುಖ ಇದೆ. ಸುತ್ತಲಿನವರು ದುಃಖ ಅಂತ ಒಪ್ಪದ ದುಃಖದ ಬಗ್ಗೆ ಅಮೆರಿಕದ ಕೆನೆತ್ ಡೋಕಾ 1989ರಲ್ಲೇ ಪುಸ್ತಕ ತಂದರು. ಸತ್ತ ನಾಯಿಗೆ ಅತ್ತರೆ ನಾಲ್ಕು ಜನ ಸಮಾಧಾನ ಹೇಳುತ್ತಾರೆ. ಬಾರದ ನಾಯಿಗೆ ಬೇಜಾರಾದರೆ ನಗುತ್ತಾರೆ. ಹಾಗಾಗಿ ಮೊದಲ ಕೆಲಸ, ನಗದೆ ಕೇಳುವ ಒಬ್ಬರ ಹತ್ತಿರ "ನನಗೆ ಬೇಜಾರಾಗಿದೆ" ಅಂತ ಹೇಳಿಬಿಡೋದು. ತಂಗಿ ಆದರೂ ಸರಿ, ಅಜ್ಜಿ ಆದರೂ ಸರಿ. ಫೋಟೋಗಳನ್ನು ಡಿಲೀಟ್ ಮಾಡಲೇಬೇಕಂತಿಲ್ಲ, ದಿನಾ ಕಣ್ಣಿಗೆ ಬೀಳದ ಕಡೆ ಇಟ್ಟರೆ ಸಾಕು.

ನಿಂತದ್ದು ಯಾಕೆ?

ಪ್ಲ್ಯಾನ್ ನಿಂತಾಗ ತಪ್ಪಿಸಬೇಕಾದದ್ದು ಹಟ. "ಅದಿಲ್ಲಾಂದ್ರ ಬ್ಯಾರೆ, ಈ ಭಾನುವಾರನ ತರೋದು" ಅನ್ನೋ ಹಟ. ಕಾರಣ ಯಾವುದು ಅನ್ನೋದರ ಮೇಲೆ ಮುಂದಿನ ಹೆಜ್ಜೆ ಇರುತ್ತದೆ.

ಕಾರಣ ಪಾರ್ವೊ ಆಗಿದ್ದರೆ ಕಾಯಲೇಬೇಕು. ಆ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಮಾಮೂಲಿ ಫಿನಾಯಿಲ್ ನಂಬಿ ಕೂರುವಂತಿಲ್ಲ. ಕಾಯಿಲೆಯ ಮರಿ ಒಂದು ದಿನ ನಿಮ್ಮ ಅಂಗಳಕ್ಕೆ ಬಂದು ಹೋಗಿದ್ದರೂ ಪಶುವೈದ್ಯರನ್ನು ಕೇಳದೆ ಇನ್ನೊಂದು ಮರಿ ತರಬೇಡಿ. ಲಸಿಕೆ 6ರಿಂದ 8 ವಾರಕ್ಕೆ ಶುರುವಾಗಿ, 16 ವಾರ ಆಗೋವರೆಗೆ ಮತ್ತೆ ಮತ್ತೆ ಕೊಡಿಸಬೇಕಾಗುತ್ತದೆ.

ಮಾರುವವರು ಐದು ವಾರದ ಮರಿ ಕೊಡಲು ಬಂದರು, ಮನೆಯವರು ಬೇಡ ಅಂದರು ಅನ್ನಿ. ಮನೆಯವರದೇ ಸರಿ. 2017ರ ನಾಯಿ ತಳಿ ಮತ್ತು ಮಾರಾಟ ನಿಯಮಗಳ ಪ್ರಕಾರ 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ.

ಭೀಮಗಡ ಅಭಯಾರಣ್ಯದ ಅಂಚಿನ ಊರುಗಳಲ್ಲಿ ಅಪ್ಪ "ಬ್ಯಾಡ" ಅಂದರೆ ಅದರಲ್ಲೂ ಅರ್ಥ ಇರಬಹುದು. ಮಹಾರಾಷ್ಟ್ರದ ಅಕೋಲೆ ಭಾಗದಲ್ಲಿ ವಿದ್ಯಾ ಆತ್ರೇಯ ಮತ್ತು ಸಂಗಡಿಗರು ಮಾಡಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಿರತೆ ತಿಂದ ಆಹಾರದ ತೂಕದಲ್ಲಿ ಶೇ. 39ರಷ್ಟು ನಾಯಿಗಳೇ ಇದ್ದವು. ಚಿರತೆಗೆ ಊರೇನು, ಕಾಡೇನು? 2022ರ ಆಗಸ್ಟಿನಲ್ಲಿ ಬೆಳಗಾವಿಯ ಗಾಲ್ಫ್ ಮೈದಾನದ ಸುತ್ತ ಚಿರತೆ ಓಡಾಡಿ ಶಾಲೆಗಳಿಗೆ ರಜೆ ಕೊಡಬೇಕಾಯಿತು. ರಾತ್ರಿ ಒಳಗೆ ಮಲಗಿಸಲು ಜಾಗ ಇಲ್ಲದಿದ್ದರೆ ಮೊದಲು ಜಾಗ, ಆಮೇಲೆ ನಾಯಿ.

ಇನ್ನೊಂದು ಕಾರಣ ಯಾರೂ ಬಾಯಿ ಬಿಟ್ಟು ಹೇಳೋದಿಲ್ಲ. ನಾವು ಹಾಸ್ಟೆಲಿನಲ್ಲಿ ಇದ್ದಾಗ ಮರಿಯ ಉಚ್ಚೆ ಒರೆಸೋದು, ಮಳೆಗಾಲದಲ್ಲಿ ಹೊರಗೆ ಕರಕೊಂಡು ಹೋಗೋದು, ದವಾಖಾನೆಗೆ ಒಯ್ಯೋದು ಎಲ್ಲ ಅವ್ವನ ಪಾಲಿಗೆ. ಖಾನಾಪುರದ ಮಳೆ ನಮಗೆ ಹೇಳಿಕೊಡಬೇಕೇ? ಅವ್ವ "ಈಗ ಬ್ಯಾಡಪ್ಪ" ಅಂದರೆ ಅದು ನಾಯಿಯ ಮೇಲಿನ ಸಿಟ್ಟಲ್ಲ, ಕೆಲಸದ ಲೆಕ್ಕ.

ಮನೆಯಲ್ಲಿರುವ ನಾಯಿ

ಎರಡನೇ ನಾಯಿ ಬರುವ ಸುದ್ದಿ ಮೊದಲನೆಯದಕ್ಕೆ ಗೊತ್ತೇ ಇಲ್ಲ. ಅದಕ್ಕೆ ಮೋಸವೂ ಆಗಿಲ್ಲ, ನಿರಾಸೆಯೂ ಆಗಿಲ್ಲ. ಅದರ ಬೇಜಾರಿಗೆ ಇನ್ನೊಂದು ನಾಯಿಯೇ ಮದ್ದು ಅನ್ನೋದೂ ಖಾತ್ರಿಯಿಲ್ಲ. ಮನುಷ್ಯರ ಜೊತೆ ಬೆಳೆದ ನಾಯಿ ಕಾಯೋದು ಬಹುಮಟ್ಟಿಗೆ ಮನುಷ್ಯರನ್ನೇ. ಕೆಲವು ನಾಯಿಗಳಿಗೆ ಹೊಸ ಮರಿ ಜೊತೆಗಾರ, ಕೆಲವಕ್ಕೆ ತಲೆನೋವು.

ಮರಿಗೆ ಅಂತ ಎತ್ತಿಟ್ಟ ದುಡ್ಡು, ಸಮಯ ಇದಕ್ಕೇ ಕೊಡಬಹುದು. ಬಾಕಿ ಇರುವ ರೇಬಿಸ್ ಲಸಿಕೆ ಹಾಕಿಸಿ. ಮನೆಗೆ ಹೋದಾಗ ಅವಸರವಿಲ್ಲದ ಒಂದು ವಾಕ್ ಮಾಡಿಸಿ, ಪ್ರತಿ ಕಂಬ, ಪ್ರತಿ ಪೊದೆ ಮೂಸಲು ಬಿಡಿ. ನಮಗೆ ಪೇಪರ್ ಓದಿದಂತೆ ಅದಕ್ಕೆ ಮೂಸೋದು. ಹಳೇ ಟವೆಲ್ಲಿನಲ್ಲಿ ರೊಟ್ಟಿ ತುಂಡು ಸುತ್ತಿ ಹುಡುಕಲು ಕೊಡಿ. ನೀವಿಲ್ಲದ ದಿನ ತಮ್ಮನೋ ತಂಗಿಯೋ ಇದನ್ನೇ ಹತ್ತು ನಿಮಿಷ ಮಾಡಲಿ.

ಮುಂದೆ ಮತ್ತೆ ಪ್ರಯತ್ನ ಮಾಡೋದಾದರೆ ಸೆಮಿಸ್ಟರ್ ರಜೆಯ ಮೊದಲ ವಾರಕ್ಕೆ ಇಟ್ಟುಕೊಳ್ಳಿ. ಎರಡೂ ನಾಯಿ ಮೊದಲು ಮನೆಯ ಹೊರಗೆ, ಬೇರೆ ಜಾಗದಲ್ಲಿ ಒಂದನ್ನೊಂದು ನೋಡಲಿ. ಯಾರು ಯಾವ ಕೆಲಸ ಮಾಡಬೇಕು ಅಂತ ಮನೆಯಲ್ಲಿ ಕೂತು ಬರೆದುಕೊಳ್ಳಿ. ಆ ಪಟ್ಟಿಯಲ್ಲಿ ಅವ್ವನ ಹೆಸರು ಅರ್ಧಕ್ಕಿಂತ ಹೆಚ್ಚು ಕಡೆ ಬಂದರೆ ಇನ್ನೊಂದು ವರ್ಷ ತಡೆಯಿರಿ. ಅಲ್ಲಿವರೆಗೆ ಶನಿವಾರ ಸಂಜೆಯ ಬಸ್ ತಪ್ಪಿಸಬೇಡಿ, ಮನೆಯಲ್ಲಿ ಒಂದು ನಾಯಿ ಕಾಯ್ತಾ ಇರ್ತದೆ.